ಗುಲಾಬಿ ತೋಟದ ಹಾಲಿನ ಕೋಣೆ

ನೈವಾಶಾ ಸರೋವರದ ದಂಡೆಯ ಗುಲಾಬಿ ತೋಟವೊಂದರಲ್ಲಿ ಸಿಬ್ಬಂದಿ ವಿಭಾಗದ ಹೊಣೆ ಹೊತ್ತೇ ನನ್ನ ತಲೆ ನೆರೆತಿದೆ. ಕಾನೂನು ಬದಲಾದಾಗಲೆಲ್ಲ ಓದಿ ಕಡತಕ್ಕೆ ಸೇರಿಸುವುದು ಎಲ್ಲರೂ ಮಾಡುವ ಕೆಲಸ. ಅದು ಕೆಲಸಗಾರರ ನಡುವೆ ಇಳಿದ ಮೇಲೆ ಏನಾಗುತ್ತದೆಂದು ಬೆನ್ನುಹತ್ತಿ ನೋಡುವುದು ನನ್ನ ಚಟ.

ಹಸುಗೂಸುಗಳ ತಾಯಂದಿರಿಗೆ ಪ್ರತ್ಯೇಕ ಕೋಣೆಯಿರಬೇಕೆಂಬ ನಿಯಮ ಬಂದಾಗ, ಸುತ್ತಲಿನ ತೋಟಗಳಿಗಿಂತ ಮೊದಲೇ ನಮ್ಮಲ್ಲಿ ಅದನ್ನು ಕಟ್ಟಿಸಿ ಬೀಗಿದ್ದೆ. ಮೆತ್ತನೆಯ ಕುರ್ಚಿ, ಒಳಗಿನಿಂದ ಅಗುಳಿ, ಹಿಂಡಿದ ಹಾಲನ್ನಿಡಲು ಪುಟ್ಟ ಫ್ರಿಜ್ಜು ಎಲ್ಲವೂ ಇದ್ದವು. ಬರುವವರು ಮಾತ್ರ ಇರಲಿಲ್ಲ.

ಹೀಗಿರುವಾಗ ಹೂ ವಿಂಗಡಿಸುವ ನಸಿಮಿಯು ಬಂದು ನಿಂತಳು. ಹೆರಿಗೆ ರಜೆ ಮುಗಿಸಿ ಮರಳಿ ಹೆಚ್ಚು ದಿನವಾಗಿರಲಿಲ್ಲ.

"ಅಮ್ಮಾ, ತಿಂಗಳ ಕೊನೆಗೆ ಕೆಲಸ ಬಿಡ್ತೀನಿ. ಮಗೂಗೆ ಅತ್ತೆ ಹಗಲೆಲ್ಲ ಗಂಜಿನೇ ಕುಡಿಸ್ತಾರೆ. ನನ್ನ ಹಾಲು ಬತ್ತಾ ಇದೆ."

"ಕೋಣೆ ಇದೆಯಲ್ಲೇ?"

"ಕೋಣೆ ಚೆನ್ನಾಗಿದೆ" ಎಂದವಳು ಹೂ ವಿಂಗಡಿಸುವ ಮೇಜಿಗೆ ಮರಳಿದಳು.

ಚೆನ್ನಾಗಿರುವ ಕೋಣೆಗೆ ಯಾರೂ ಏಕೆ ಬರುವುದಿಲ್ಲ? ಮೇಸ್ತ್ರಿ ಬಿಡುವು ಕೊಡುವುದಿಲ್ಲವೇನೋ ಎಂದು ವಿಚಾರಿಸಿದೆ, ಕೊಡುತ್ತಿದ್ದ. ಕಿಟಕಿಯಿಂದ ಯಾರಾದರೂ ಇಣುಕುವರೋ ಎಂದು ಪರದೆ ಇಳಿಬಿಟ್ಟೆ, ಫಲವಾಗಲಿಲ್ಲ. ಕೊನೆಗೆ ಚಹಾದ ವೇಳೆಗೆ ನಾನೇ ಒಳಗೆ ಹೋಗಿ ಕುಳಿತೆ. ಹೊರಗೆ ಹೆಂಗಸರ ನಗು ಕೇಳಿಸಿತು.

"ಏನಮ್ಮಾ, ಈ ವಯಸ್ಸಲ್ಲಿ ನಿಮಗೂ ಹಾಲಿಳೀತಾ?"

"ಇಳಿದ್ರೆ ನಿಮ್ಮ ಚಹಾಕ್ಕೇ ಹಾಕ್ತೀನಿ, ಸುಮ್ನಿರ್ರೇ!" ಎಂದೆ. ನಗುತ್ತ ಚದುರಿದರು. ನಸಿಮಿಯು ಮಾತ್ರ ಬಾಗಿಲಲ್ಲೇ ಉಳಿದು, ಫ್ರಿಜ್ಜಿನತ್ತ ಗದ್ದ ಚಾಚಿ ತೋರಿಸಿದಳು.

"ನಮ್ಮೂರಲ್ಲಿ ಹಾಲು ಹಿಂಡಿ ಹೊರಗೆ ಹಾಕೋಳು ಒಬ್ಬಳೇ, ಅಮ್ಮಾ. ಮಗು ಸತ್ತೋಳು. ನನ್ನ ಮಗು ಬದುಕಿದೆ. ನಾನ್ಯಾಕೆ ಹಿಂಡಲಿ?"

ನನ್ನ ಮಕ್ಕಳು ನನ್ನ ಬೆನ್ನ ಮೇಲೆಯೇ ಬೆಳೆದವರು; ಹಾಲು ಹಿಂಡುವ ಪ್ರಸಂಗ ನನಗೆ ಒದಗಿರಲೇ ಇಲ್ಲ. ಮೇಜಿಗೆ ಮರಳಿ ನಿಯಮವನ್ನು ಇನ್ನೊಮ್ಮೆ ಓದಿದೆ. 'ಹಾಲು ತೆಗೆದಿಡಲು ಅಥವಾ ಮಗುವಿಗೆ ಉಣಿಸಲು' ಎಂದಿತ್ತು. ಎರಡನೆಯ ಮಾತನ್ನು ನಾವು ಯಾರೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಕೂಸುಗಳನ್ನು ಕೋಣೆಗೇ ತರಿಸೋಣವೆಂದೊಡನೆ ವ್ಯವಸ್ಥಾಪಕ ಕೊಸ್ಗೇ ಕೈಬೀಸಿ ತಳ್ಳಿಹಾಕಿದ. "ಮಗು ಗೇಟಿನೊಳಗೆ ಕಾಲಿಡೋ ಹಾಗಿಲ್ಲ. ಹೂ ಕೊಳ್ಳೋ ಕಂಪನಿಯೋರು ಒಂದು ಮಗು ಕಂಡ್ರೂ ಬಾಲಕಾರ್ಮಿಕ ಅಂತ ಬರ್ಕೊಂಡು ಹೋಗ್ತಾರೆ."

"ಹಲ್ಲೇ ಬಾರದ ಕಾರ್ಮಿಕನಾ?"

"ಅವರಿಗೆ ತಮಾಷೆ ಅರ್ಥ ಆಗಲ್ಲಮ್ಮಾ. ನಿಮ್ಮ ಕಾನೂನು ವರ್ಷಕ್ಕೊಂದು ಮರಿ ಹಾಕುತ್ತೆ, ಸಾಕೋನು ನಾನು!"

ಮಕ್ಕಳನ್ನು ದುಡಿಸದಿರಲೆಂದು ಮಾಡಿದ ನಿಯಮವೇ ಮಕ್ಕಳನ್ನು ತಾಯಿಯಿಂದ ದೂರವಿಟ್ಟಿತ್ತು. ಎರಡೂ ನಿಯಮಗಳನ್ನು ಮುರಿಯದೆ ನಡೆಯುವುದು ಹೇಗೆ? ಕೋಣೆಯ ಸುತ್ತ ನಡೆದೆ. ಅದರ ಹಿಂಗೋಡೆ ತೋಟದ ಬೇಲಿಯೇ ಆಗಿತ್ತು; ಆಚೆ ರಸ್ತೆ. ಕೊಸ್ಗೇಯನ್ನು ಕರೆತಂದು, "ಇಲ್ಲೊಂದು ಬಾಗಿಲು ಒಡೆಸೋಣ" ಎಂದೆ.

ಅವನು ಗೋಡೆಯನ್ನು ಬೆರಳಿನಿಂದ ಬಡಿದು ನೋಡಿದ. "ಆಗ ಈ ಕೋಣೆ ತೋಟದ ಒಳಗಾ, ಹೊರಗಾ?"

"ತಾಯಿಗೆ ಒಳಗೆ, ಮಗುವಿಗೆ ಹೊರಗೆ."

ಅವನು ಗಡ್ಡ ಕೆರೆದುಕೊಂಡು, "ಬೀಗದಕೈ ನಿಮ್ಮ ಹತ್ರಾನೇ ಇರಬೇಕು" ಎಂದ.

ಬಾಗಿಲು ಕೂರಿಸಿದ ಬೆಳಿಗ್ಗೆ ಅತ್ತೆ ರಸ್ತೆಯ ಕಡೆಯಿಂದ ಕೂಸನ್ನೆತ್ತಿಕೊಂಡು ಬಂದಳು. ನಸಿಮಿಯು ಒಳಗಿನಿಂದ ಬಂದು, ಹೊಸ್ತಿಲಲ್ಲೇ ನಿಂತಳು.

"ಮೊದಲು ಆ ಫ್ರಿಜ್ಜು ತೆಗೆಸಿ."

ಇಬ್ಬರು ಕೆಲಸಗಾರರು ಅದನ್ನು ಹೊತ್ತೊಯ್ದ ಮೇಲೆ ಅವಳು ಕುರ್ಚಿಯಲ್ಲಿ ಕುಳಿತು ಮಗುವನ್ನು ಎದೆಗೊತ್ತಿಕೊಂಡಳು. ಗಂಜಿಯ ರುಚಿ ಹತ್ತಿದ ಕೂಸು ಮುಖ ತಿರುಗಿಸಿತು, ಅತ್ತಿತು, ಮತ್ತೆ ತಿರುಗಿಸಿತು. ಹಾಲು ಉಳಿದಿದೆಯೋ ಇಲ್ಲವೋ ಎಂದು ನಾನು ಕತ್ತು ಚಾಚಿದೆ.

"ಅಮ್ಮಾ, ನೀವು ಆಚೆ ಹೋಗಿ" ಎಂದಳು ನಸಿಮಿಯು, ತಲೆಯೆತ್ತದೆ. "ನಿಮ್ಮ ಮುಖಾನೇ ನೋಡ್ತಾ ಇದಾನೆ, ಕುಡೀತಾ ಇಲ್ಲ."

ಹೊರಬಂದು ಬಾಗಿಲೆಳೆದೆ. ಅಳು ಇನ್ನಷ್ಟು ಹೊತ್ತು ಕೇಳಿಸಿ, ಆಮೇಲೆ ನಿಂತಿತು. ಒಳಗಿನಿಂದ ಅವಳ ದನಿ ಬಂತು: "ನಾಳೆ ಸ್ವಲ್ಪ ಬೇಗ ಕರ್ಕೊಂಡ್ ಬನ್ನಿ, ಅತ್ತೆ."