ಕಾಲರ್ ಕೊಳೆ

"ಏನೋ ಮಾಡ್ದೆ ನೀನು ಇವಕ್ಕೆ?" ಅಕ್ಕ ಬಾಗಿಲಲ್ಲೇ ನಿಂತು ಕೂಗಿದಳು.

ಲಾಂಡ್ರಿಯವನು, ಅವಳ ತಮ್ಮ, ಅಂಗಡಿಯ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತಿದ್ದ. ಒಂದು ಕೈಯಲ್ಲಿ ಒದ್ದೆ ಮೊಲ ಒದ್ದಾಡುತ್ತಿತ್ತು. ಇನ್ನೊಂದು ಕೈ, ಜಗಳ ಬಿಡಿಸಲು ಹೋಗಿ ಅದರ ಜೊತೆಯ ದಪ್ಪ ಮೊಲದ ಹಲ್ಲಿಗೆ ಸಿಕ್ಕಿ, ರಕ್ತ ಜಿನುಗುತ್ತಿತ್ತು. ಇಸ್ತ್ರಿ ಮೇಜಿನ ಕೆಳಗೆಲ್ಲ ಬಿಳಿ ಕೂದಲು ಹಾರಾಡುತ್ತಿತ್ತು. ನಿನ್ನೆಯವರೆಗೂ ಒಂದರ ಕಿವಿಯನ್ನು ಇನ್ನೊಂದು ನೆಕ್ಕುತ್ತ, ಅಷ್ಟು ದೊಡ್ಡ ಗೂಡಿನಲ್ಲಿ ಒಂದೇ ಮೂಲೆಗೆ ಅಂಟಿಕೊಂಡು ಮಲಗುತ್ತಿದ್ದ ಪ್ರಾಣಿಗಳು ಈಗ ಮುಖ ಕಂಡರೆ ಮೈಮೇಲೆ ಬೀಳುತ್ತಿದ್ದವು.

"ಏನೂ ಮಾಡಿಲ್ಲ ಅಕ್ಕ. ಕುತ್ತಿಗೆ ಹತ್ರ ಒಂಚೂರು ಕೊಳೆ ಇತ್ತು. ಉಜ್ಜಿದೆ, ಅಷ್ಟೆ."

"ಕೊಳೆನಾ? ಅದು ಅದರ ಬಣ್ಣ ಕಣೋ!"

"ಈಗ ಗೊತ್ತಾಯ್ತು," ಅಂದ ಅವನು ಸಣ್ಣ ದನಿಯಲ್ಲಿ. "ಎಷ್ಟು ಉಜ್ಜಿದ್ರೂ ಹೋಗ್ಲಿಲ್ಲ."

ಅವನನ್ನು ಪೂರ್ತಿ ಬೈಯುವಂತೆಯೂ ಇಲ್ಲ. ಇಪ್ಪತ್ತು ವರ್ಷದಿಂದ ಊರಿನವರ ಅಂಗಿ ಒಗೆದವನು. ಕಾಲರಿನ ಒಳಪಟ್ಟಿಯಲ್ಲಿ ಕೂರುವ ಕಂದು ಗೆರೆಯೇ ಅವನ ಜನ್ಮವೈರಿ. ಬಸ್ಸಿನಲ್ಲಿ ಮುಂದಿನ ಸೀಟಿನವನ ಕಾಲರ್ ಕೊಳೆಯಾಗಿದ್ದರೆ ಇಳಿಯುವವರೆಗೂ ಅವನಿಗೆ ಸಮಾಧಾನವಿರುವುದಿಲ್ಲ. ಹಾಗಿರುವಾಗ ಹಾಲಿನ ಬಿಳುಪಿನ ಮೊಲದ ಕುತ್ತಿಗೆಗೆ ಸುತ್ತಲೂ ಕಂದು ಪಟ್ಟಿ! ಒಂದು ವಾರ ಹೇಗೋ ತಡೆದುಕೊಂಡ. ಇವತ್ತು ಬೆಳಿಗ್ಗೆ ಕೈ ತಡೆಯಲಿಲ್ಲ. ಮೊಲಕ್ಕೆ ಸ್ನಾನ ಮಾಡಿಸಲೇಬಾರದು ಎಂದು, ಇವನ್ನು ಕೊಟ್ಟ ಡಾಕ್ಟರಮ್ಮ ಹೇಳಿದ್ದು ನೆನಪಿತ್ತು. ಆದರೆ ಇದು ಸ್ನಾನವೆಲ್ಲಿ, ಬರೀ ಕಾಲರ್ ಉಜ್ಜುವುದಲ್ಲವೇ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡಿದ್ದ. ಆಮೇಲೆ ಇಸ್ತ್ರಿಯಲ್ಲಿ ಬೆಚ್ಚಗೆ ಮಾಡಿದ ಟವೆಲ್ಲಿನಿಂದ ಒರೆಸಿದ್ದೂ ಆಗಿತ್ತು.

ಎರಡನ್ನೂ ಬೇರೆ ಬೇರೆ ಬುಟ್ಟಿಯಲ್ಲಿ ಹಾಕಿದರು. ದಪ್ಪನೆಯದು ಬುಟ್ಟಿಯ ಗೋಡೆಯನ್ನು ಕೆರೆಯಿತು. ಒಗೆಸಿಕೊಂಡದ್ದು ಮಾತ್ರ ಕಿವಿಯನ್ನು ಬೆನ್ನಿಗೆ ಅಂಟಿಸಿ, ಮೂಲೆಗೆ ಮುಖ ಹಾಕಿ ಕುಳಿತಿತು. ಮಧ್ಯಾಹ್ನವಾದರೂ ಅದರ ಮುಂದಿನ ಒಣಹುಲ್ಲು ಇಟ್ಟ ಹಾಗೇ ಇತ್ತು. ಅಕ್ಕ ಕೊತ್ತಂಬರಿ ಸೊಪ್ಪು ತಂದು ಮೂಗಿನ ಹತ್ತಿರ ಹಿಡಿದಳು. ಮೊಲ ಕಣ್ಣನ್ನೂ ಮಿಟುಕಿಸಲಿಲ್ಲ.

ಲಾಂಡ್ರಿಯವನಿಗೆ ದಿಗಿಲಾಯಿತು. ಮೊಲಕ್ಕಾಗಿ ಹೌದು, ಅದಕ್ಕಿಂತ ಹೆಚ್ಚಾಗಿ ಅಕ್ಕನಿಗಾಗಿ.

ಭಾವ ತೀರಿಕೊಂಡ ಮೇಲೆ ಅಕ್ಕ ಒಂದು ಪೆಟ್ಟಿಗೆ ಹಿಡಿದು ತಮ್ಮನ ಮನೆಗೆ ಬಂದಿದ್ದಳು. ಅಂಗಡಿಯ ಹಿಂದಿನ ಕೋಣೆ ಅವಳದಾಯಿತು. ಹೇಳಿದ ಕೆಲಸ ಮಾಡುತ್ತಿದ್ದಳು, ಬಡಿಸಿದ್ದರಲ್ಲಿ ಅರ್ಧ ತಿನ್ನುತ್ತಿದ್ದಳು, ಕೇಳಿದ್ದಕ್ಕೆ "ಹೂಂ" ಅನ್ನುತ್ತಿದ್ದಳು. ಚಿಕ್ಕಂದಿನಲ್ಲಿ ಅವನ ಕಿವಿ ಹಿಂಡಿ ಬೆಳೆಸಿದ ಬಾಯಿಬಡುಕಿ ಅಕ್ಕ ಎಲ್ಲಿ ಹೋದಳೋ ಅವನಿಗೆ ತಿಳಿಯಲಿಲ್ಲ. ಹೋದ ವಾರ ಪ್ರಾಣಿಗಳ ಆಸ್ಪತ್ರೆಗೆ ಒಗೆದ ಟವೆಲ್ ಕೊಡಲು ಹೋಗುವಾಗ, ಗಾಳಿಯಾದರೂ ಬೀಸಲಿ ಎಂದು ಅವಳನ್ನೂ ಗಾಡಿಯಲ್ಲಿ ಕೂರಿಸಿಕೊಂಡಿದ್ದ. ಅಲ್ಲಿ ಈ ಮೊಲಗಳಿದ್ದವು. ಯಾರೋ ಬಾಡಿಗೆ ಮನೆ ಖಾಲಿ ಮಾಡುವಾಗ ಬಾಲ್ಕನಿಯಲ್ಲೇ ಬಿಟ್ಟು ಹೋಗಿದ್ದರಂತೆ. ಪಕ್ಕದ ಮನೆಯವರು ನೋಡಿ ಹೇಳುವಷ್ಟರಲ್ಲಿ ಎಲುಬು ಎಣಿಸುವಂತಾಗಿದ್ದವು. ಡಾಕ್ಟರಮ್ಮ ಸಾಕಿ ಚೇತರಿಸಿದ್ದರು. ಅಕ್ಕ ಗೂಡಿನ ಮುಂದೆ ಬಹಳ ಹೊತ್ತು ನಿಂತವಳು, "ಇವನ್ನ ನಾವು ಕರ್ಕೊಂಡು ಹೋಗೋಣ್ವೇನೋ?" ಎಂದು ಕೇಳಿದ್ದಳು. ಬಂದ ಮೇಲೆ ಅವಳು ಬಾಯಿಬಿಟ್ಟು ಕೇಳಿದ ಮೊದಲ ವಸ್ತು ಅದು. ಆನೆ ಕೇಳಿದ್ದರೂ ಅವನು ಒಪ್ಪುತ್ತಿದ್ದ.

ಈಗ ಅವುಗಳಲ್ಲೊಂದು ಉಪವಾಸ ಕುಳಿತಿದೆ. ಅದಕ್ಕೇನಾದರೂ ಆದರೆ ಅಕ್ಕ ಮತ್ತೆ ಆ ಕೋಣೆ ಸೇರಿ ಬಾಗಿಲು ಹಾಕಿಕೊಂಡಾಳು.

ಫೋನಿನಲ್ಲಿ ಡಾಕ್ಟರಮ್ಮ ಬೈಯಲಿಲ್ಲ. ಅದಕ್ಕೇ ಹೆಚ್ಚು ಹೆದರಿಕೆಯಾಯಿತು. "ಹೊಟ್ಟೆ ಕೆಲಸ ಮಾಡೋದು ನಿಂತ್ರೆ ಮೊಲ ಉಳಿಯೋದು ಕಷ್ಟ. ಈಗಲೇ ತನ್ನಿ. ಎರಡನ್ನೂ ತನ್ನಿ."

"ಇನ್ನೊಂದು ಚೆನ್ನಾಗೇ ಇದೆ ಡಾಕ್ಟ್ರೇ."

"ಎರಡನ್ನೂ ಅಂದೆ."

ಬಟ್ಟೆ ಹಂಚುವ ಮೂರು ಚಕ್ರದ ಗಾಡಿಯ ಹಿಂಭಾಗದಲ್ಲಿ, ನೇತಾಡುವ ಕೋಟುಗಳ ನಡುವೆ ಅಕ್ಕ ಕುಳಿತಳು. ಮಡಿಲಲ್ಲಿ ದೊಡ್ಡ ಬುಟ್ಟಿ, ಬುಟ್ಟಿಯ ನಡುವೆ ಅಡ್ಡಕ್ಕೆ ರಟ್ಟು, ಆ ಕಡೆ ಒಂದು ಈ ಕಡೆ ಒಂದು.

ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದರು, ಸ್ಟೆತಾಸ್ಕೋಪ್ ಇಟ್ಟು ಕೇಳಿದರು, ಬಾಯಿಯ ಅಂಚಿನಲ್ಲಿ ಔಷಧಿ ಹಾಕಿದರು. "ಗೂಡಿನ ಜೊತೆ ಹಳೇ ಚಿಂದಿ ಒಂದು ಕೊಟ್ಟಿದ್ನಲ್ಲ, ಅದನ್ನ ಹತ್ರ ಇಟ್ಟಿದ್ದೀರಾ?"

ಲಾಂಡ್ರಿಯವನು ಗೋಡೆಯ ಮೇಲಿದ್ದ ನಾಯಿಯ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

"ಅದನ್ನ ನಿನ್ನೆನೇ ಒಗೆದು, ನೀಲಿ ಹಾಕಿ, ಇಸ್ತ್ರಿ ಮಾಡಿ ಮಡಚಿಟ್ಟಿದಾನೆ," ಅಂದಳು ಅಕ್ಕ.

ಡಾಕ್ಟರಮ್ಮ ಕಣ್ಣು ಮುಚ್ಚಿ ತೆರೆದರು. "ಅವಕ್ಕೆ ವಾಸನೆನೇ ಗುರುತು ಕಣ್ರೀ. ಚಿಂದಿ ಒಗೆದ್ರಿ, ಅವುಗಳ ಮನೆ ಹೋಯ್ತು. ಇದನ್ನ ಉಜ್ಜಿದ್ರಿ, ಆ ದಪ್ಪನೇದರ ಪಾಲಿಗೆ ಇದು ಯಾರೋ ಹೊಸಬ. ಮನೆಗೆ ನುಗ್ಗಿದ ಹೊಸಬನನ್ನ ಸುಮ್ನೆ ಬಿಡುತ್ತಾ?" ಎಂದು ಎರಡನ್ನೂ ಒಂದೇ ಬಟ್ಟೆಯಿಂದ ಒರೆಸಿ, ಆಮೇಲೆ ಅದನ್ನೇ ಬುಟ್ಟಿಗೆ ಹಾಸಿದರು. ಅವಸರ ಮಾಡಿ ಒಟ್ಟಿಗೆ ಬಿಡಬೇಡಿ ಅಂದರು. ಹಿಕ್ಕೆ ಹಾಕಿದರೆ ಗೆದ್ದಂತೆ, ಕೂಡಲೇ ಫೋನ್ ಮಾಡಿ. ಸಂಜೆಯವರೆಗೂ ಹಾಕದಿದ್ದರೆ ಮತ್ತೆ ತನ್ನಿ.

ರಟ್ಟನ್ನು ಮತ್ತೆ ಅಡ್ಡವಿಟ್ಟು, ಬುಟ್ಟಿಯನ್ನು ಅಕ್ಕನ ಮಡಿಲಿಗೇರಿಸಿ ವಾಪಸು ಹೊರಟರು. ಆಮೇಲೆ ಕೋಟುಗಳ ನಡುವಿನಿಂದ ಅಕ್ಕನ ದನಿ ಬಂತು.

"ನಿಮ್ ಭಾವನ ಅಂಗಿನೂ ಹಿಂಗೇ ಒಗೆದೆ ನೀನು."

ಅವನು ಗಕ್ಕನೆ ಬ್ರೇಕ್ ಹಾಕಿದ. ಹಿಂದೆ ಬರುತ್ತಿದ್ದ ಸೈಕಲ್ಲಿನವನು ಬೈದು ಮುಂದೆ ಹೋದ.

ನೀಲಿ ಗೆರೆಯ ಅಂಗಿ. ಅಕ್ಕ ಬಂದ ಮರುದಿನ ಅವಳ ಪೆಟ್ಟಿಗೆಯಲ್ಲಿ ಮುದ್ದೆಯಾಗಿ ಬಿದ್ದಿತ್ತು. ಪಾಪ, ಸಂಕಟದಲ್ಲಿ ಒಗೆಯಲೂ ಆಗಿಲ್ಲ ಎಂದುಕೊಂಡು ತಾನೇ ತೆಗೆದುಕೊಂಡಿದ್ದ. ಗಂಜಿ ಹಾಕಿ, ಗುಂಡಿಗಳ ಸುತ್ತ ಕೂಡ ಬಿಡದೆ ಇಸ್ತ್ರಿ ಮಾಡಿ, ಹೊಸದರ ಹಾಗೆ ಮಡಚಿ ಅವಳ ಹಾಸಿಗೆಯ ಮೇಲಿಟ್ಟಿದ್ದ. ಅಷ್ಟು ಚೆನ್ನಾಗಿ ಅವನು ಯಾರ ಅಂಗಿಯನ್ನೂ ಒಗೆದಿರಲಿಲ್ಲ.

"ಬೇಕು ಅಂತಲೇ ಒಗೀದೆ ಇಟ್ಕೊಂಡಿದ್ದೆ," ಅಂದಳು ಅಕ್ಕ. "ಅವರ ವಾಸನೆ ಇದ್ದದ್ದು ಅದೊಂದರಲ್ಲೇ."

ಅವನಿಗೆ ಹಿಂತಿರುಗಿ ನೋಡುವ ಧೈರ್ಯವಾಗಲಿಲ್ಲ. "ಒಂದ್ ಮಾತು ಹೇಳ್ಬಾರದಿತ್ತಾ ಅಕ್ಕ? ಬೈಬಾರದಿತ್ತಾ?"

"ಹೆಂಗೆ ಬೈಲಿ? ಅಂಗಿ ಇಡೋವಾಗ ನಿನ್ನ ಮುಖ ನೋಡ್ಬೇಕಿತ್ತು. ಬಹುಮಾನ ಗೆದ್ದೋನ ಹಾಗಿತ್ತು."

"ತಪ್ಪಾಯ್ತು ಅಕ್ಕ." ಅವನು ಹ್ಯಾಂಡಲ್ ಹಿಡಿದಿದ್ದ ಕೈಯನ್ನೇ ನೋಡಿದ. "ನನ್ನ ಕೈ ಮುರೀಲಿ."

"ಕೈ ಮುರಿದ್ರೆ ಅಂಗಡಿ ಯಾರು ನಡೆಸ್ತಾರೆ? ಹುಟ್ಟುಗುಣ ಸುಟ್ಟರೂ ಹೋಗಲ್ಲ. ಚಿಕ್ಕೋನಿದ್ದಾಗ ಕೋಳಿಮರಿ ತೊಳೀತೀನಿ ಅಂತ ಬಕೆಟ್ ಹಿಡ್ಕೊಂಡು ಓಡಾಡ್ದೋನು ನೀನು." ಅವಳು ಸೆರಗಿನಲ್ಲಿ ಮೂಗೊರೆಸಿಕೊಂಡಳು. ತಿಂಗಳುಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ಹೊರಗೆ ಬಂದಿತ್ತು. ಆಗ ಅವಳು ಮಡಿಲ ಕಡೆ ನೋಡಿ, "ಏ, ಇಲ್ ನೋಡೋ!" ಅಂದಳು.

ಬ್ರೇಕ್ ಹಾಕಿದ ರಭಸಕ್ಕೆ ನಡುವಿನ ರಟ್ಟು ಮಗುಚಿ ಬಿದ್ದಿತ್ತು. ಲಾಂಡ್ರಿಯವನು ಕೈ ಹಾಕಲು ಹೋದ. ಅಕ್ಕ ತಡೆದಳು. ಗಾಡಿಯ ಕುಲುಕಾಟಕ್ಕೆ ಹೆದರಿದ ದಪ್ಪ ಮೊಲ ಇನ್ನೊಂದರ ಪಕ್ಕೆಗೆ ಒತ್ತಿಕೊಂಡು ಕುಳಿತು, ಅದರ ಕುತ್ತಿಗೆಯನ್ನು ಮೂಸಿತು. ಎರಡರ ಮೈಯಲ್ಲೂ ಈಗ ಆಸ್ಪತ್ರೆಯದೇ ವಾಸನೆ. ಮತ್ತೊಮ್ಮೆ ಮೂಸಿತು. ಆಮೇಲೆ ಅವನು ಬೆಳಿಗ್ಗೆಯೆಲ್ಲ ಉಜ್ಜಿದ ಆ ಕಂದು ಪಟ್ಟಿಯನ್ನೇ ನೆಕ್ಕತೊಡಗಿತು.

"ನಿಧಾನಕ್ಕೆ ಓಡಿಸು," ಅಂದಳು ಅಕ್ಕ. "ಇನ್ನೊಂದು ಸುತ್ತು ಹಾಕ್ಕೊಂಡೇ ಹೋಗು."

ಸಂಜೆ ಅಂಗಡಿಯಲ್ಲಿ ಗಿರಾಕಿಯೊಬ್ಬರು ಕೋಟಿಗಾಗಿ ಕಾಯುತ್ತಿದ್ದರು. ಒಳಗಿನಿಂದ ಅಕ್ಕ ಓಡಿಬಂದಳು. "ಹಾಕ್ತು ಕಣೋ, ಹಾಕ್ತು!" ಅಂಗೈಯಲ್ಲಿ ಮೆಣಸಿನ ಕಾಳಿನಂಥ ಮೂರು ಹಿಕ್ಕೆ. "ಹುಲ್ಲೂ ತಿಂತಾ ಇದೆ!"

ಲಾಂಡ್ರಿಯವನಿಗೆ ಹೋದ ಜೀವ ಬಂದಂತಾಯಿತು. ಗಿರಾಕಿಯ ಕೋಟನ್ನು ಅಲ್ಲೇ ಬಿಟ್ಟು ಫೋನ್ ತೆಗೆದು, "ಡಾಕ್ಟ್ರೇ, ಹಾಕ್ತು!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಗಿರಾಕಿ ತಮ್ಮ ಕೋಟನ್ನು ಎರಡು ಹೆಜ್ಜೆ ದೂರಕ್ಕೆ ಎಳೆದುಕೊಂಡರು. ಅಕ್ಕ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆ ನಗುವನ್ನು ಕೇಳಿ ಎಷ್ಟು ಕಾಲವಾಗಿತ್ತೋ.

ಆ ರಾತ್ರಿ ಊಟಕ್ಕೆ ಕೂತಾಗ ಅವಳು ತಾನಾಗಿ ಎರಡನೇ ಸಲ ಬಡಿಸಿಕೊಂಡಳು. ಕೈ ತೊಳೆದು ಕೋಣೆಗೆ ಹೋಗಿ ನೀಲಿ ಗೆರೆಯ ಅಂಗಿ ತಂದಳು. ಮಡಿಕೆ ಇನ್ನೂ ಚೂಪಾಗಿತ್ತು. ಅದನ್ನು ಬಿಡಿಸಿ ಗೂಡಿನೊಳಗೆ ಹಾಸಿದಳು.

"ಅಕ್ಕ, ಅದು..."

"ಅದರಲ್ಲಿ ಇನ್ನೇನೂ ಉಳಿದಿಲ್ಲ. ಇವಾದ್ರೂ ಮಲಗ್ಲಿ." ಆಮೇಲೆ ಬೆರಳು ತೋರಿಸಿ ಹೇಳಿದಳು. "ಒಗೆದ್ಯೋ, ಜೋಕೆ."

ದಿನಗಳು ಕಳೆದವು. ಕಂದು ಪಟ್ಟಿಯದಕ್ಕೆ ಅಕ್ಕ ಕಾಲರ್ ಎಂದೂ ದಪ್ಪನೆಯದಕ್ಕೆ ಗುಂಡಿ ಎಂದೂ ಹೆಸರಿಟ್ಟಳು. ಹೊತ್ತಾರೆ ಎದ್ದರೆ ಅವಳ ಬೈಗುಳ ಅಂಗಡಿಯವರೆಗೂ ಕೇಳುತ್ತಿತ್ತು, ಒಂದು ಪಾಲು ಮೊಲಗಳಿಗೆ, ಒಂದು ಪಾಲು ತಮ್ಮನಿಗೆ.

ಒಂದು ಬೆಳಿಗ್ಗೆ ಅವಳು ಸೊಪ್ಪು ತರಲು ಹೋಗಿದ್ದಾಗ ಲಾಂಡ್ರಿಯವನು ಗೂಡು ಗುಡಿಸಲು ಕುಳಿತ. ಅಂಗಿಯ ತುಂಬ ಕೂದಲು, ಹುಲ್ಲಿನ ಕಡ್ಡಿ, ಹಳದಿ ಕಲೆ. ಒಂದು ತೋಳನ್ನು ಕಚ್ಚಿ ಜಾಲರಿ ಮಾಡಿದ್ದವು. ಕಾಲರಿನ ಒಳಪಟ್ಟಿಯಲ್ಲಿ ಉದ್ದಕ್ಕೂ ಕಂದು ಗೆರೆ ಕೂತಿತ್ತು. ಅವನು ಅದನ್ನು ಎತ್ತಿದ. ಬೆರಳುಗಳು ತಾವಾಗಿ ಕಾಲರನ್ನು ಮಡಚಿ ಹಿಡಿದವು. ಮೂಗಿನ ಹತ್ತಿರ ತಂದು ಮೂಸಿದ. ಹುಲ್ಲು, ಮೊಲ, ಅಕ್ಕನ ಕೈಯ ಕೊತ್ತಂಬರಿ.

ಅಂಗಿಯನ್ನು ಇದ್ದ ಹಾಗೇ ಹಾಸಿದ. ಕಾಲರ್ ಕುಪ್ಪಳಿಸಿ ಹತ್ತಿರ ಬಂದು, ತನ್ನ ವಾಸನೆ ಹಚ್ಚುವಂತೆ ಅಂಗಿಯ ಮೇಲೆ ಗಲ್ಲವನ್ನು ಒಮ್ಮೆ ಉಜ್ಜಿ, ಮಲಗಿತು.