ಹತ್ತಿರದ ದಾರಿ

ಅಕ್ಕನ ಬೇಕರಿ ಬಿಟ್ಟು ಬಂದ ಮೇಲೆ ತಂಗಿಗೆ ಸಂಜೆಗಳೇ ದೊಡ್ಡ ತಲೆನೋವಾದವು. ಅಕ್ಕ ‘ತಂಗಿ’ ಎಂದು ಕರೆದೂ ಕರೆದೂ ಇಡೀ ಬೀದಿಗೇ ಅವಳು ತಂಗಿಯಾಗಿದ್ದಳು. ತಲೆ ನರೆತ ಗಿರಾಕಿಗಳಿಗೂ ತಂಗಿ, ಶಾಲೆಗೆ ಹೋಗುವ ಮಕ್ಕಳಿಗೂ ತಂಗಿ. ಈಗ ಬೇರೆ ಊರಿನ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಬ್ರೆಡ್ ಮಾಡುವ ಕೆಲಸ. ಮಧ್ಯಾಹ್ನ ಕೆಲಸ ಮುಗಿಸಿ ಬಾಡಿಗೆ ಕೋಣೆಗೆ ಬಂದರೆ ಗೋಡೆಗಳು ಮೈಮೇಲೆ ಬಿದ್ದಂತಾಗುತ್ತಿತ್ತು. ಕೂತರೆ ಏಳಬೇಕು, ಎದ್ದರೆ ಹೊರಗೆ ಹೋಗಬೇಕು. ಹಾಗೆ ಅಲೆಯುತ್ತಿದ್ದವಳು ಒಂದು ಸಂಜೆ ಚರ್ಚಿನ ಹಿಂದಿನ ಕೋಣೆಯಲ್ಲಿ ಮಾತುಕತೆ ಕೇಳಿ ಒಳಹೊಕ್ಕಳು.

ಅಲ್ಲಿ ನಿವೃತ್ತ ಭೂಗೋಳದ ಮೇಡಂ ಒಬ್ಬರು ನಾಲ್ಕಾರು ಜನರಿಗೆ ಬೈಬಲ್ಲಿನ ವಿಮೋಚನಕಾಂಡ ಕಲಿಸುತ್ತಿದ್ದರು. ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ಜೀತಕ್ಕಿದ್ದ ಜನ ಮೋಶೆಯ ಹಿಂದೆ ಹೊರಟುಬಂದ ಕಥೆ. ಗೋಡೆಯ ಮೇಲೆ ಅವರೇ ಬರೆದ ನಕ್ಷೆ. ಎಡಕ್ಕೆ ನೈಲ್ ನದಿ ಬೆರಳು ಬಿಡಿಸಿದಂತೆ ಕವಲೊಡೆದು ಸಮುದ್ರ ಸೇರುವ ಜಾಗ, ಬಲಕ್ಕೆ ಅವರು ಸೇರಬೇಕಿದ್ದ ಕಾನಾನ್, ನಡುವೆ ಬರೀ ಮರಳು, ಕಲ್ಲು. ದಾರಿಗಳನ್ನು ಮಾತ್ರ ಪೆನ್ಸಿಲಿನಲ್ಲಿ ಎಳೆದಿದ್ದರು. ಅಳಿಸಿ ಅಳಿಸಿ ಕಾಗದ ಸವೆದಿತ್ತು.

“ಪೆನ್ನಲ್ಲಿ ಬರೆದುಬಿಡಿ ಮೇಡಂ, ಕಾಣಿಸ್ತಾನೇ ಇಲ್ಲ,” ಎಂದ ಮುಂದೆ ಕೂತಿದ್ದ ಪ್ಲಂಬರ್.

“ಗೊತ್ತಿಲ್ಲದ್ದನ್ನ ಪೆನ್ನಲ್ಲಿ ಹೇಗಪ್ಪಾ ಬರೀಲಿ? ಅವರು ದಾಟಿದ್ದು ಕೆಂಪು ಸಮುದ್ರಾನೋ, ಜೊಂಡು ಬೆಳೆದ ಸರೋವರಾನೋ, ಇವತ್ತಿಗೂ ವಾದ ಮುಗಿದಿಲ್ಲ. ಇದೇ ಮೋಶೆ ಹತ್ತಿದ ಸೀನಾಯಿ ಅಂತ ತೋರಿಸೋಕೆ ಒಂದಲ್ಲ, ಹಲವು ಬೆಟ್ಟ ಇವೆ. ಮರಳು ಅಗೆದವರಿಗೆ ಅವರ ಗುರುತು ಅಂತ ಖಚಿತವಾಗಿ ಏನೂ ಸಿಕ್ಕಿಲ್ಲ.”

“ಇಷ್ಟು ದೂರಕ್ಕೆ ನಲವತ್ತು ವರ್ಷ! ಮೋಶೆ ರಸ್ತೆ ಕಂಟ್ರಾಕ್ಟರ್ ಆಗಿದ್ದನೇನೋ,” ಎಂದ ಪ್ಲಂಬರ್.

ಎಲ್ಲರೂ ನಕ್ಕರು. ಮೇಡಂ ನಗುತ್ತಲೇ ಐಗುಪ್ತದ ರೊಟ್ಟಿಯ ಮಾತು ತೆಗೆದರು. ಮಣ್ಣಿನ ಅಚ್ಚಿನಲ್ಲಿ ಹಿಟ್ಟು ಹುಯ್ದು, ಉಬ್ಬಿಸಿ ಸುಡುತ್ತಿದ್ದ ದೇಶವಂತೆ ಅದು. ಅಂಥ ದೇಶದಿಂದ ಹೊರಟವರು ನಾದಿದ ಹಿಟ್ಟನ್ನು ಹುಳಿ ಬರುವ ಮೊದಲೇ ಪಾತ್ರೆ ಸಮೇತ ಬಟ್ಟೆಯಲ್ಲಿ ಕಟ್ಟಿ ಹೆಗಲಿಗೇರಿಸಿಕೊಂಡರಂತೆ. ತಂಗಿಯ ಬೆರಳುಗಳು ಕೈಚೀಲವನ್ನು ಸುಮ್ಮಸುಮ್ಮನೆ ಹಿಸುಕುತ್ತಿದ್ದವು.

“ಈ ಸಮುದ್ರದ ಪಕ್ಕದ ದಾರಿ ಹತ್ತಿರ ಅಲ್ವಾ?” ಎಂದು ಕೇಳಿಯೇಬಿಟ್ಟಳು. “ಅದನ್ನ ಬಿಟ್ಟು ಯಾಕೆ ಸುತ್ತಿದ್ರು?”

“ಹತ್ತಿರ ಹೌದು. ಆದ್ರೆ ಉದ್ದಕ್ಕೂ ಐಗುಪ್ತದ ರಾಜ ಫರೋಹನ ಕೋಟೆಗಳು, ನೀರಿದ್ದ ಕಡೆಯೆಲ್ಲ ಸೈನಿಕರು. ಆ ಕೋಟೆಗಳ ಸಾಲನ್ನ ಐಗುಪ್ತದವರ ಗುಡಿಯ ಗೋಡೆ ಮೇಲೇ ಕೆತ್ತಿದ್ದಾರೆ. ಯುದ್ಧ ಕಂಡ್ರೆ ಜನ ಹೆದರಿ ವಾಪಸ್ ಹೋಗಿಬಿಡ್ತಾರೆ ಅಂತ ದೇವರು ಸುತ್ತು ದಾರಿ ಹಿಡಿಸಿದನಂತೆ.”

“ಬಿಟ್ಟು ಬಂದ ಜೀತಕ್ಕೆ ಯಾರಾದ್ರೂ ವಾಪಸ್ ಹೋಗ್ತಾರಾ?” ಎಂದ ಪ್ಲಂಬರ್.

ಅಷ್ಟರಲ್ಲಿ ಚೀಲದೊಳಗೆ ಫೋನ್ ಗುಂಯ್‌ಗುಟ್ಟಿತು. ಅಕ್ಕ. ದಿನವೂ ಮಾಡುತ್ತಿದ್ದಳು, ತಂಗಿ ಎತ್ತುತ್ತಿರಲಿಲ್ಲ. ಇವತ್ತು ಹೊರಗೆ ಹೋಗಿ ಎತ್ತಿದಳು.

“ಸಿಟ್ಟು ಸಾಕು ಮಾಡು. ನಿನ್ನ ಮಂಚ ಹಾಗೇ ಇದೆ. ನಿನ್ನ ಭಾವ ನಾದಿದ ಹಿಟ್ಟಲ್ಲಿ ಗೋಡೆ ಕಟ್ಟಬಹುದು, ಅಷ್ಟೇ. ಬಾರೇ.”

ಆ ವಾರದ ರಜೆಯ ದಿನ ತಂಗಿ ಬಟ್ಟೆಯನ್ನೆಲ್ಲ ಚೀಲಕ್ಕೆ ತುರುಕಿ ಬಸ್ಸು ಹತ್ತಿದಳು. ಬೇಕರಿಯ ಬಾಗಿಲಲ್ಲೇ ಬೆಂದ ಬ್ರೆಡ್ಡಿನ ವಾಸನೆ ಅವಳನ್ನು ಹಿಡಿದು ನಿಲ್ಲಿಸಿತು. ಅಕ್ಕ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಓಡಿಬಂದು ಅವಳ ಕೆನ್ನೆ ಸವರಿದಳು, ಹೊಟ್ಟೆ ಬಿರಿಯುವಷ್ಟು ಬಡಿಸಿದಳು. ಎಲೆ ಎತ್ತುವಷ್ಟರಲ್ಲಿ, “ಕೈ ತೊಳ್ಕೊಂಡು ಬಾ, ಸಂಜೆಯ ಹಿಟ್ಟು ಕಾಯ್ತಿದೆ,” ಎಂದಳು.

ತಂಗಿ ತೋಳು ಮಡಚಿ ನಾದಲು ನಿಂತಳು. ಕೈಗಳಿಗೆ ಹಾಯೆನಿಸಿತು. ಅರ್ಧ ನಾದಿದವಳು ಹಿಟ್ಟಿನಿಂದ ಕೈ ಎತ್ತಿ ಅಕ್ಕನ ಕಡೆ ತಿರುಗಿದಳು.

“ಅಕ್ಕಾ, ಆ ಡ್ರೈವರ್ ಕಡೆಯವರು ಮದುವೆಗೆ ನನ್ನ ಕೇಳ್ಕೊಂಡು ಬಂದಾಗ ನನಗೆ ಒಂದು ಮಾತೂ ಹೇಳದೆ ಯಾಕೆ ಕಳಿಸಿಬಿಟ್ಟೆ?”

ಅಕ್ಕ ತಟ್ಟೆಗೆ ಎಣ್ಣೆ ಸವರುತ್ತಿದ್ದವಳು ತಲೆ ಎತ್ತಲಿಲ್ಲ. “ಅದೇ ಹಳೇ ರಾಗ. ಅವನಿಗೆ ಮೊದಲೇ ಒಂದು ಮದುವೆ ಆಗಿತ್ತು. ನಿನ್ನ ಒಳ್ಳೇದಕ್ಕೇ ಮಾಡಿದ್ದು.”

“ಒಳ್ಳೇದೇ ಇರಬಹುದು. ಒಂದು ಸಲ ನನ್ನ ಕೇಳಬಹುದಿತ್ತಲ್ಲ?”

“ನಿನಗೆ ನಾನೇನು ಕಡಿಮೆ ಮಾಡಿದೀನಿ?”

“ಏನೂ ಇಲ್ಲಕ್ಕ. ಅದಕ್ಕೇ ಕಷ್ಟ.”

ಅಕ್ಕನ ಕೈ ನಿಂತಿತು. “ಕೇಳಿದ್ರೆ ನೀನು ಹೂಂ ಅಂತಿದ್ದೆ,” ಎಂದಳು ಸಣ್ಣ ದನಿಯಲ್ಲಿ. “ಹೂಂ ಅಂದು ಹೋಗಿಬಿಡ್ತಿದ್ದೆ. ನಾನು ಇಲ್ಲಿ ಯಾರ ಮುಖ ನೋಡ್ಕೊಂಡು ಇರಬೇಕಿತ್ತು?”

ತಂಗಿಗೆ ಅಕ್ಕನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು, ಆ ಕ್ಷಣವೇ ಓಡಿಹೋಗಬೇಕು ಅಂತಲೂ ಅನ್ನಿಸಿತು. ಹಿಟ್ಟನ್ನು ಕೊನೆಯವರೆಗೂ ನಾದಿ, ಒದ್ದೆ ಬಟ್ಟೆ ಮುಚ್ಚಿ, ಬಿಚ್ಚದ ಚೀಲವನ್ನು ಹೆಗಲಿಗೆ ಹಾಕಿಕೊಂಡಳು. ಅಕ್ಕ ತಡೆಯಲಿಲ್ಲ. ಬಸ್ ನಿಲ್ದಾಣದವರೆಗೂ ಬೈಯುತ್ತಲೇ ಜೊತೆಗೆ ಬಂದಳು.

“ಅಲ್ಲಿ ಕೋಣೆ ಹೆಂಗಿದೆ ಅಂತಾನೂ ನಾನು ನೋಡಿಲ್ಲ.”

“ಬಂದು ನೋಡು. ಬರೋ ಮುಂಚೆ ಫೋನ್ ಮಾಡಿ ಕೇಳು.”

“ಕೇಳಬೇಕೇನೇ ನಿನ್ನ?”

“ಕೇಳಬೇಕು.”

ಬಸ್ಸು ಹೊರಟಿತು. ಮುಂದಿನ ನಿಲ್ದಾಣದಲ್ಲಿ ತಂಗಿ ದಡಬಡನೆ ಎದ್ದಳು. “ಇಳೀತೀರಾ?” ಎಂದ ಕಂಡಕ್ಟರ್. “ಇಲ್ಲ,” ಎಂದು ಕೂತಳು. ಅದರ ಮುಂದಿನದರಲ್ಲೂ ಎದ್ದಳು.

ಮರುವಾರ ಮೇಡಂ ಹದಿನಾರನೆಯ ಅಧ್ಯಾಯಕ್ಕೆ ಬಂದಿದ್ದರು. ಮರುಭೂಮಿಯಲ್ಲಿ ಹಸಿದ ಜನ ಮೋಶೆಯ ಮೇಲೆ ಗೊಣಗಿ, ಐಗುಪ್ತದ ಮಾಂಸದ ಪಾತ್ರೆಗಳನ್ನೂ ಹೊಟ್ಟೆ ತುಂಬ ತಿಂದ ರೊಟ್ಟಿಯನ್ನೂ ನೆನೆಸಿಕೊಳ್ಳುವ ಭಾಗ.

“ನೋಡಿ ಇವರ ನಾಲಿಗೆ ಚಪಲಾನ!” ಪ್ಲಂಬರ್ ತೊಡೆ ತಟ್ಟಿದ. ಎಲ್ಲರೂ ಗೊಳ್ಳೆಂದರು.

“ನಗಬೇಡಿ,” ಎಂದಳು ತಂಗಿ. “ಅಲ್ಲಿ ಊಟ ನಿಜವಾಗ್ಲೂ ಚೆನ್ನಾಗಿರುತ್ತೆ.”

ಮೇಡಂ ಪುಸ್ತಕದಿಂದ ಕಣ್ಣೆತ್ತಿ ಅವಳನ್ನೇ ನೋಡಿದರು. ತಂಗಿಗೆ ಕೂರಲಾಗಲಿಲ್ಲ. ಎದ್ದು ಹೋಗಿ ಕಿಟಕಿ ತೆರೆದು, ಅಲ್ಲೇ ಗೋಡೆಗೊರಗಿ ನಿಂತಳು.

“ಓದಿ ಮೇಡಂ,” ಎಂದಳು. “ಮುಂದೆ ಎಲ್ಲಿಗೆ ಹೋದ್ರು?”