ಎರಡನೇ ವೈರು

"ಈಗ ಎರಡನೇದು ಹಾಕ್ತಿದ್ದೀನಿ," ಎಂದು ಮಗಳು ಕಪಾಟಿನ ಹಿಂದಿನಿಂದ ಕೂಗಿದಳು.

ಕಪಾಟಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಅವಳು ಮಂಡಿಯೂರಿದ್ದಳು. ಎದುರಿಗೆ ಆಂಪ್ಲಿಫೈಯರಿನ ಬೆನ್ನು, ಕೈಯಲ್ಲಿ ಅದರ ಜೊತೆಗೇ ಬಂದಿದ್ದ ಹಳೆಯ ತೆಳು ಕರೆಂಟು ವೈರು. ಪಕ್ಕದ ನೆಲದ ಮೇಲೆ ಅಪ್ಪ ಹೊಸದಾಗಿ ತರಿಸಿದ ದಪ್ಪ ವೈರು, ನೀಲಿ ನೂಲಿನ ಅಂಗಿ ತೊಟ್ಟು ಸುರುಳಿ ಸುತ್ತಿಕೊಂಡು ಬಿದ್ದಿತ್ತು. ನಿನ್ನೆ ಅದು ಮನೆಗೆ ಬಂದಾಗ ಅಮ್ಮ, "ದುಡ್ಡು ಕೊಟ್ಟು ಹೆಬ್ಬಾವು ತರೋರನ್ನ ಇವತ್ತೇ ನೋಡಿದ್ದು," ಎಂದಿದ್ದಳು. ಆಗಿನಿಂದ ಅದಕ್ಕೆ ಆ ಹೆಸರೇ ನಿಂತಿತ್ತು.

ಮಗಳು ಹಳೆಯ ವೈರನ್ನು ಕಿತ್ತಳು. ಹೊರಗೆ ಕೂತವರಿಗೆ ಸದ್ದು ಕೇಳಿಸಲೆಂದು ಹೆಬ್ಬಾವನ್ನು ಒಮ್ಮೆ ನೆಲಕ್ಕೆ ಉಜ್ಜಿದಳು. ಆಮೇಲೆ ಅದೇ ಹಳೆಯ ವೈರನ್ನು ಮತ್ತೆ ಸಿಕ್ಕಿಸಿದಳು. ಪಿಟೀಲಿನ ರೆಕಾರ್ಡು ಮೊದಲಿನಿಂದ ಶುರುವಾಯಿತು.

"ಆಹಾ! ಈಗ ಕೇಳಿ," ಎಂದರು ಅಪ್ಪನ ಗೆಳೆಯರಾದ ಫೋಟೋ ಸ್ಟುಡಿಯೋದವರು. "ಕಿಟಕಿ ತೆಗೆದ ಹಾಗಾಯ್ತು."

"ಕಮಾನು ತಂತಿ ಮೇಲೆ ಜಾರೋದು ಕೂಡ ಕೇಳಿಸ್ತಿದೆ ಕಣ್ರೀ," ಎಂದು ಇನ್ನೊಬ್ಬ ಗೆಳೆಯ ಮೇಷ್ಟ್ರು ದನಿಗೂಡಿಸಿದರು. "ಮೊದಲನೇದು ಮಂಕು."

ಸಂದಿಯಿಂದ ಮಗಳಿಗೆ ಕಾಣುತ್ತಿದ್ದುದು ಮೊಣಕಾಲಿನ ಮೇಲಿದ್ದ ಅಪ್ಪನ ಬಲಗೈ ಮಾತ್ರ.

ಆ ಕೈ ತಲೆ ನರೆಯುವ ತನಕ ಧ್ವನಿಮುದ್ರಣದ ಗುಂಡಿಗಳ ಮೇಲೆ ಆಡಿದ್ದು. ಹಾಡುವವರ ಉಸಿರು ಎಲ್ಲಿ ತಡವರಿಸಿತೆಂದು ಹಾಡಿದವರಿಗಿಂತ ಮೊದಲು ಅಪ್ಪನಿಗೆ ಗೊತ್ತಾಗುತ್ತಿತ್ತು. ಗೆಳೆಯರು 'ಕಿವಿ ಸಾಹೇಬ್ರು' ಎಂದು ಕರೆದರೆ ಈಗಲೂ ಮೀಸೆಯಡಿ ನಗು ಜಾರುತ್ತಿತ್ತು. ಆದರೆ ಈಚೆಗೆ ಟೀವಿಯ ಸದ್ದು ಏರುತ್ತಿತ್ತು. ಅಮ್ಮ ಒಂದೇ ಮಾತನ್ನು ಎರಡೆರಡು ಸಲ ಹೇಳುತ್ತಿದ್ದಳು. ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವ ಮಗಳು, "ಒಂದ್ಸಲ ಬಂದು ಹೋಗಪ್ಪ," ಎಂದರೆ, "ಮೀನಿಗೆ ಈಜೋ ಪರೀಕ್ಷೆನಾ?" ಎಂದು ಹಾರಿಸಿಬಿಡುತ್ತಿದ್ದರು.

ನಿನ್ನೆ ಹೆಬ್ಬಾವನ್ನು ಸಿಕ್ಕಿಸಿದ ಕೂಡಲೇ ಅವರು ಇಬ್ಬರು ಗೆಳೆಯರಿಗೂ ಫೋನು ಮಾಡಿ, "ಪರದೆ ಸರಿಸಿದ ಹಾಗಿದೆ, ಬಂದು ಕೇಳಿ," ಎಂದಿದ್ದರು. ಈ ವೈರನ್ನು ಮೊದಲು ಹೊಗಳಿದ್ದ ಸ್ಟುಡಿಯೋದವರೇ ಇವತ್ತು ಪಂದ್ಯ ಹೂಡಿದ್ದರು: ಮಗಳು ಕಣ್ಣಿಗೆ ಕಾಣದಂತೆ ವೈರು ಬದಲಾಯಿಸುವುದು, ಇವರು ಕೇಳಿ ಹೇಳುವುದು.

ಅವಳ ಆಸ್ಪತ್ರೆಯ ಗಾಜಿನ ಕೋಣೆಯಲ್ಲಿ ಪರೀಕ್ಷೆಗೆ ಕೂತವರು ಸದ್ದು ಕೇಳಿಸಿದಾಗ ಬೆರಳೆತ್ತಬೇಕು. ನಡುನಡುವೆ ಏನನ್ನೂ ಕಳಿಸದೆ ಸುಮ್ಮನಿರುವುದೂ ಅವಳ ಕೆಲಸವೇ. ಆ ಮೌನಕ್ಕೂ ಬೆರಳೆತ್ತುವವರಿದ್ದರು. ಕೆಲವರು ಭಯಕ್ಕೆ, ಕೆಲವರು ಆಸೆಗೆ, ಇನ್ನು ಕೆಲವರು ಅವಳ ಮನಸ್ಸು ನೋಯಬಾರದೆಂದು. ಅವರನ್ನು ಕಂಡು ಅವಳು ಎಂದೂ ನಕ್ಕವಳಲ್ಲ. ಆದರೆ ಅಪ್ಪನ ಬೆರಳು ಹಾಗೆ ಏಳುವುದನ್ನು ನೋಡುವ ಗಟ್ಟಿತನ ತನಗಿಲ್ಲವೆಂದು ಅವಳಿಗೆ ಗೊತ್ತಿತ್ತು. ಹಾಗಿದ್ದೂ ಅವಳ ಕೈ ಅಭ್ಯಾಸದಂತೆ ಇಲ್ಲೂ ಹಳೆಯ ವೈರನ್ನೇ ಸಿಕ್ಕಿಸಿಬಿಟ್ಟಿತ್ತು.

"ಏನ್ ಸಾಹೇಬ್ರೇ, ಮಾತೇ ಇಲ್ವಲ್ಲ?" ಎಂದರು ಮೇಷ್ಟ್ರು.

"ಇನ್ನೊಂದ್ಸಲ ಹಾಕಮ್ಮ," ಎಂದರು ಅಪ್ಪ.

"ಮತ್ತೆ ಮೊದಲನೇದು," ಎಂದು ಮಗಳು ಅದೇ ವೈರನ್ನು ಕಿತ್ತು ಅದನ್ನೇ ಸಿಕ್ಕಿಸಿದಳು.

"ನೋಡಿದ್ರಾ, ಮುಚ್ಕೊಂಡು ಹೋಯ್ತು!" ಎಂದರು ಸ್ಟುಡಿಯೋದವರು.

ಪಿಟೀಲು ತನ್ನ ಪಾಡಿಗೆ ಹರಿಯಿತು. ಅಪ್ಪನ ಕೈ ಮೊಣಕಾಲಿನಿಂದ ಅಲ್ಲಾಡಲಿಲ್ಲ.

"ನನಗೆ ಏನೂ ವ್ಯತ್ಯಾಸ ಗೊತ್ತಾಗ್ತಿಲ್ಲ," ಎಂದರು.

"ನಿನ್ನೆ ಪರದೆ ಸರೀತು ಅಂದ್ರಿ?" ಎಂದರು ಸ್ಟುಡಿಯೋದವರು.

"ಅಂದೆ. ನಿನ್ನೆ ಕಿವಿ ಜೊತೆಗೆ ಕಣ್ಣೂ ಕೇಳಿಸ್ಕೊಳ್ತಿತ್ತು. ಇವತ್ತು ಕಿವಿ ಒಂದೇ."

ಮೇಷ್ಟ್ರು ದನಿ ತಗ್ಗಿಸಿದರು. "ಬೇಜಾರು ಮಾಡ್ಕೋಬೇಡಿ. ವಯಸ್ಸಾದ ಮೇಲೆ ಕಿವೀನೂ ಸವೆಯುತ್ತೆ."

"ಸವೆದಿರಬಹುದು ಮೇಷ್ಟ್ರೇ. ಹಾಗಂತ ಕೇಳಿಸದೆ ಇದ್ದದ್ದನ್ನ ಕೇಳಿಸ್ತು ಅನ್ನೋಕಾಗುತ್ತಾ?"

ಮಗಳು ಎದ್ದಳು. ಮಂಡಿಗೆ ಧೂಳು, ಕೂದಲಿಗೆ ಜೇಡರ ಬಲೆ, ಎರಡೂ ಕೈಯಲ್ಲಿ ಹೆಬ್ಬಾವು. ಹೊರಗೆ ಬಂದು, "ಇದನ್ನ ನಾನು ಹಾಕೇ ಇಲ್ಲ. ಮೂರು ಸಲಾನೂ ಹಳೇದೇ," ಎಂದಳು.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಮ್ಮ, "ಹಾಗಾದ್ರೆ ಆ ಕಿಟಕಿ ತೆಗೆದೋರು ಯಾರಂತೆ?" ಎಂದಳು.

ಸ್ಟುಡಿಯೋದವರು ಮೊದಲು ಕೆಂಪಾದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಎಲಾ ಇವಳ! ನಮ್ಮನ್ನ ಕೋತಿ ಮಾಡಿದ್ಯಲ್ಲೇ ತಾಯಿ!"

ಅಪ್ಪ ನಗಲಿಲ್ಲ. "ಈಗ ಅದನ್ನ ನಿಜವಾಗ್ಲೂ ಹಾಕು. ಪಾಪ, ಅದಕ್ಕೂ ನ್ಯಾಯ ಸಿಗಬೇಕಲ್ಲ."

ಎಲ್ಲರ ಕಣ್ಣೆದುರಿಗೇ ಹಾಕಿದಳು. ಅಪ್ಪ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು. "ಹಾಗೇ ಇದೆ," ಎಂದರು. "ದಪ್ಪ ವೈರು ತಂದ ದಡ್ಡ ನಾನೇ. ಪಿಟೀಲು ಮಾತ್ರ ಬಂಗಾರ."

ಗೆಳೆಯರು ಹೊರಟ ಮೇಲೆ ಮಗಳು ಖಾಲಿ ಲೋಟಗಳನ್ನು ಎತ್ತತೊಡಗಿದಳು. "ನಿನ್ನ ಗಾಜಿನ ಕೋಣೆ ಯಾವತ್ತು ಖಾಲಿ ಇರುತ್ತೆ?" ಎಂದು ಅಪ್ಪ ಕೇಳಿದರು.

"ಯಾಕಪ್ಪ?"

"ಮೊನ್ನೆ ಮನೇಲಿ ನಾನೊಬ್ಬನೇ ಇದ್ದಾಗ ಮೇಷ್ಟ್ರು ಬಂದು ಬಹಳ ಹೊತ್ತು ಬೆಲ್ ಒತ್ತಿದ್ರಂತೆ. ನನಗೆ ಕೇಳಿಸ್ಲಿಲ್ಲ."

ಆ ವಾರವೇ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಆಸ್ಪತ್ರೆಗೆ ಬಂದರು. ಗಾಜಿನಾಚೆ ಕೂತು, ಕಿವಿಗೆ ಹಾಕಿದ್ದ ಹೆಡ್‌ಫೋನನ್ನು ತಾವೇ ಸರಿಪಡಿಸಿಕೊಂಡರು. ಫೈಲು ಹಿಡಿದು ಒಳಗೆ ಬಂದ ನರ್ಸು, "ಯಾರಿದು, ಇಷ್ಟು ನೆಟ್ಟಗೆ ಕೂತಿದ್ದಾರೆ?" ಎಂದು ಕೇಳಿದಳು.

"ನಮ್ಮಪ್ಪ," ಎಂದಳು ಮಗಳು. ಬೇಕಾದುದಕ್ಕಿಂತ ತುಸು ಗಟ್ಟಿಯಾಗಿಯೇ ಹೇಳಿದಳು.

ಸದ್ದುಗಳನ್ನು ಒಂದೊಂದಾಗಿ ಕಳಿಸಿದಳು. ಕೆಲವಕ್ಕೆ ಬೆರಳು ಎದ್ದಿತು, ಕೆಲವಕ್ಕೆ ಏಳಲಿಲ್ಲ. ಆಮೇಲೆ ಏನನ್ನೂ ಕಳಿಸದೆ ಸುಮ್ಮನೆ ಕೂತಳು.

ಗಾಜಿನಾಚೆ ಅಪ್ಪ ಕಣ್ಣು ಮುಚ್ಚಿ, ತಲೆಯನ್ನು ಒಂಚೂರು ವಾಲಿಸಿ ಕೇಳುತ್ತಿದ್ದರು. ಬೆರಳು ಮೊಣಕಾಲಿನ ಮೇಲೆ ಹಾಗೇ ಇತ್ತು.